ಎಕ್ಸ್‌ಪ್ರೆಸ್ ಅಕ್ಕ ನಿಧಾನವಾದದ್ದು

ಆಸ್ಪತ್ರೆಯ ಲಾಂಡ್ರಿಯಲ್ಲಿ ಚಾದರ ಮಡಿಸುವುದು ಒಬ್ಬರಿಂದ ಆಗುವ ಕೆಲಸವಲ್ಲ. ಇಸ್ತ್ರಿಯ ಯಂತ್ರದಿಂದ ಬಿಸಿಬಿಸಿಯಾಗಿ ಹೊರಬಂದ ಚಾದರದ ಎರಡು ಮೂಲೆ ಒಬ್ಬಳ ಕೈಗೆ, ಎರಡು ಮೂಲೆ ಇನ್ನೊಬ್ಬಳ ಕೈಗೆ. ಇಬ್ಬರೂ ಹಿಂದೆ ಸರಿದು ಫಟ್ಟೆಂದು ಒಮ್ಮೆ ಕೊಡವಬೇಕು, ಉದ್ದಕ್ಕೆ ಎರಡು ಸಲ ಮಡಿಸಬೇಕು. ಆಮೇಲೆ ಎದುರುಬದುರು ನಡೆದು ಬಂದು ಒಬ್ಬಳು ತನ್ನ ತುದಿಯನ್ನು ಇನ್ನೊಬ್ಬಳಿಗೆ ಒಪ್ಪಿಸಬೇಕು. ನಡುವೆ ಜೋತುಬಿದ್ದ ಭಾಗವನ್ನು ಯಾರಾದರೊಬ್ಬರು ಬಗ್ಗಿ ಎತ್ತಿಕೊಳ್ಳಬೇಕು. ಹಾಗಾಗಿ ಅಲ್ಲಿ ಹೆಸರಿಗಿಂತ ಜೋಡಿ ಮುಖ್ಯ. ಒಬ್ಬಳು ಬರದಿದ್ದರೆ ಅವಳೆಲ್ಲಿ ಅಂತ ಯಾರೂ ಕೇಳುವುದಿಲ್ಲ, "ನಿನ್ನ ಜೋಡಿ ಎಲ್ಲಿ?" ಅಂತ ಉಳಿದವಳನ್ನು ಕೇಳುತ್ತಾರೆ.

ಅಕ್ಕ ಮತ್ತು ಅವಳ ಜೋಡಿ ಇಪ್ಪತ್ತೇಳು ವರ್ಷದಿಂದ ಒಂದೇ ಚಾದರದ ಎರಡು ತುದಿ ಹಿಡಿದವರು. ಮಿಕ್ಕವರು ಒಂದು ತಳ್ಳುಗಾಡಿ ಮುಗಿಸುವಷ್ಟರಲ್ಲಿ ಇವರದು ಒಂದೂವರೆ ಆಗುತ್ತಿತ್ತು. ಅದಕ್ಕೆ ಕಾರಣ ಅಕ್ಕ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳ ಹಾಗೆ ಅವಳ ಓಡಾಟ. ಲಾಂಡ್ರಿಯವರು ಅವಳಿಗೆ ಎಕ್ಸ್‌ಪ್ರೆಸ್ ಅಕ್ಕ ಅಂತಲೇ ಹೆಸರಿಟ್ಟಿದ್ದರು. ಅಕ್ಕ ಗಿಡ್ಡ, ಜೋಡಿ ಉದ್ದ. ಬಗ್ಗುವುದು ಗಿಡ್ಡಗಿದ್ದವಳ ಪಾಲು ಅಂತ ಮೊದಲ ವಾರದಲ್ಲೇ ತೀರ್ಮಾನವಾಗಿತ್ತು.

"ನೀನು ನೆಲಕ್ಕೆ ಹತ್ತಿರ ಇದೀಯ ಕಣೇ," ಅನ್ನುತ್ತಿದ್ದಳು ಜೋಡಿ.

"ನೀನು ಆಕಾಶಕ್ಕೆ ಹತ್ತಿರ ಇದೀಯ. ಹೋಗಿ ಆ ಫ್ಯಾನಿನ ಧೂಳಾದ್ರೂ ಒರೆಸು," ಅನ್ನುತ್ತಿದ್ದಳು ಅಕ್ಕ, ಬಗ್ಗುತ್ತಲೇ.

ಮನೆಯಲ್ಲಿ ಅಕ್ಕನಿಗೆ ಜೋಡಿ ಇರಲಿಲ್ಲ. ಗಂಡ ಇದ್ದ. ಒಗೆದು ಒಣಗಿದ ಚಾದರವನ್ನು ಅವಳು ಒಬ್ಬಳೇ ಮಡಿಸುತ್ತಿದ್ದಳು. ನಡುಭಾಗವನ್ನು ಗದ್ದದ ಕೆಳಗೆ ಒತ್ತಿಹಿಡಿದು, ಎರಡೂ ಕೈ ಚಾಚಿ ಮೂಲೆ ಹುಡುಕಿ, ಎದೆಯ ಮೇಲೆ ಮಡಿಸಿ ಮಡಿಸಿ ಇಳಿಸುವುದು. ಗದ್ದವೂ ದುಡಿಯುವ ಅಂಗ ಅನ್ನುವುದು ಮನೆಗೆಲಸ ಮಾಡಿದವರಿಗೆ ಮಾತ್ರ ಗೊತ್ತು.

ಗಂಡ ಕೆಟ್ಟವನಲ್ಲ. ಕುಡಿಯುತ್ತಿರಲಿಲ್ಲ, ಒಂದು ದಿನವೂ ಕೈ ಎತ್ತಿದವನಲ್ಲ. ಅಷ್ಟಿದ್ದರೆ ಸಾಕು ಅಂತ ಎಲ್ಲರೂ ಹೇಳುತ್ತಾರೆ. ಅಕ್ಕನೂ ಬಹಳ ಕಾಲ ಹಾಗೇ ನಂಬಿದ್ದಳು. ಅವನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು. ಕೂದಲೆಳೆಯಷ್ಟು ಗೀರು ಬಿದ್ದರೂ ದೀಪಕ್ಕೆ ಹಿಡಿದು ಪತ್ತೆ ಮಾಡುತ್ತಿದ್ದ. ಆದರೆ ಅಡುಗೆಮನೆಯ ಕಪಾಟಿನ ಮುಂದೆ ನಿಂತರೆ ಮೂಗಿನೆದುರಿನ ಸಕ್ಕರೆ ಡಬ್ಬ ಕಾಣುತ್ತಿರಲಿಲ್ಲ. ಆ ಅಂಗಡಿ ಬಾಗಿಲು ತೆರೆಯುತ್ತಿದ್ದದ್ದು ಬೆಳಿಗ್ಗೆ ಹತ್ತಕ್ಕೆ. ಅಕ್ಕನ ಪಾಳಿ ಶುರುವಾಗುತ್ತಿದ್ದದ್ದು ಎಂಟಕ್ಕೆ. ಆದರೂ ಬೆಳಗಿನ ಕೆಲಸ ಯಾರದು ಅನ್ನುವ ಪ್ರಶ್ನೆ ಆ ಮನೆಯಲ್ಲಿ ಯಾವತ್ತೂ ಹುಟ್ಟಿರಲಿಲ್ಲ.

ಮೂರನೆಯವರು ಅತ್ತೆ. ವಯಸ್ಸು ಎಂಬತ್ತನಾಲ್ಕು. ಮೊಣಕಾಲು ಎರಡೂ ಹೋಗಿ ಬಹಳ ವರ್ಷವಾಗಿತ್ತು. ಕಿಟಕಿಯ ಪಕ್ಕದ ಕುರ್ಚಿ ಬಿಟ್ಟರೆ ಮಂಚ, ಮಂಚ ಬಿಟ್ಟರೆ ಕುರ್ಚಿ. ನಾಲಿಗೆಗೆ ಮಾತ್ರ ಕೀಲುನೋವು ಬಂದಿರಲಿಲ್ಲ. ಐವತ್ತೇಳು ತುಂಬಿದ ಸೊಸೆಯನ್ನು ಅವರು ಈಗಲೂ "ಹುಡುಗೀ" ಅಂತಲೇ ಕರೆಯುತ್ತಿದ್ದರು.

ಅಕ್ಕನ ಮೊಣಕಾಲು ಮೊದಲ ಸಲ ಮಾತಾಡಿದ್ದು ಮೆಟ್ಟಿಲ ಮೇಲೆ. ಮನೆ ಎರಡನೇ ಮಹಡಿ, ಲಿಫ್ಟಿಲ್ಲ, ಮೂವತ್ತೆಂಟು ಮೆಟ್ಟಿಲು. ಹತ್ತುವಾಗ ಕಟಕಟ ಅನ್ನುತ್ತಿದ್ದದ್ದು ಬರಬರುತ್ತಾ ಇಳಿಯುವಾಗ ಚುಚ್ಚತೊಡಗಿತು. ಕೆಲವು ದಿನ ಅವಳು ಕಂಬಿ ಹಿಡಿದು ಹಿಮ್ಮುಖವಾಗಿ ಇಳಿದಳು. ಕೆಳಮನೆಯವರು ನೋಡಿ, "ಏನಕ್ಕಾ, ರಿವರ್ಸ್ ಗೇರಾ?" ಅಂತ ನಕ್ಕರು. ಅಕ್ಕನೂ ನಕ್ಕಳು. ಎಡ ಮೊಣಕಾಲು ಬನ್ನಿನ ಹಾಗೆ ಊದಿಕೊಂಡ ದಿನ ಮಾತ್ರ ಜೋಡಿ ನಗಲಿಲ್ಲ. ಕೈ ಹಿಡಿದು ಎಳೆದುಕೊಂಡು, ಲಾಂಡ್ರಿಯ ಮೇಲಿನ ಮಹಡಿಯಲ್ಲೇ ಇದ್ದ ಡಾಕ್ಟರ ಮುಂದೆ ಕೂರಿಸಿದಳು.

ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದರು. "ಸವೆದಿದೆ. ಆದ್ರೆ ಆಪರೇಷನ್ ಮಾಡೋ ಹಂತಕ್ಕೆ ಬಂದಿಲ್ಲ. ಹಿಂದಿನ ಶೆಡ್ಡಲ್ಲಿ ಬೆಳಿಗ್ಗೆ ಆರಕ್ಕೆ ತೈ ಚಿ ಹೇಳ್ಕೊಡ್ತಾರೆ, ನಿಧಾನದ ವ್ಯಾಯಾಮ. ಮೂರು ತಿಂಗಳು ತಪ್ಪದೆ ಮಾಡಿ. ಆಗಲೂ ಹೀಗೇ ಇದ್ರೆ ಆಪರೇಷನ್ ಮಾತಾಡೋಣ. ಅದಾದ್ರೆ ಆರು ವಾರ ನೀವು ಕಾಲು ನೀಡಿ ಕೂತಿರಬೇಕಾಗುತ್ತೆ. ಮನೇಲಿ ನೋಡ್ಕೊಳ್ಳೋಕೆ ಯಾರಿದಾರೆ?"

ಅಕ್ಕ ನಿಜವಾಗಿಯೂ ಯೋಚಿಸಿದಳು. "ನಾನೇ ಇದೀನಲ್ಲ," ಅಂದಳು.

ಜೋಡಿ ಹಣೆ ಚಚ್ಚಿಕೊಂಡಳು. ಅಕ್ಕನಿಗೆ ಕತ್ತರಿ, ಚಾಕುವಿನ ಹೆದರಿಕೆ ಇರಲಿಲ್ಲ. ಅವಳನ್ನು ಹೆದರಿಸಿದ್ದು ಆ ಆರು ವಾರ. ಮೂರು ತಿಂಗಳು, ದಿನಕ್ಕೊಂದು ಗಂಟೆ. ಆ ಗಂಟೆ ಕೈತಪ್ಪಿದರೆ ಆರು ವಾರ ಕಾಲು ನೀಡಿ ಕೂತು, ಮನೆ ಮುಳುಗುವುದನ್ನು ನೋಡಬೇಕು. ಅವಳಿಗೆ ಅರ್ಥವಾದದ್ದು ಅಷ್ಟು.

ಶೆಡ್ಡಿನಲ್ಲಿ ಹಿಂದೆ ಆಂಬುಲೆನ್ಸ್ ನಿಲ್ಲಿಸುತ್ತಿದ್ದರು. ನೆಲದ ಮೇಲೆ ಇನ್ನೂ ಎಣ್ಣೆಯ ಕಲೆಗಳಿದ್ದವು. ಅಲ್ಲಿ ಸೇರುತ್ತಿದ್ದದ್ದು ಹನ್ನೆರಡು ಜನ. ಅವರಲ್ಲಿ ಇಬ್ಬರು ನರ್ಸುಗಳು, ತೋಟದ ಮಾಲಿ, ಗೇಟಿನ ಕಾವಲುಗಾರ ಇದ್ದರು. ಜೋಡಿಗೂ ಬೆನ್ನುನೋವು ಇದ್ದದ್ದರಿಂದ ಅವಳೂ ಹೆಸರು ಕೊಟ್ಟಿದ್ದಳು. ಕಲಿಸುವಾಕೆಯನ್ನು ಎಲ್ಲರೂ ಟ್ರಾಫಿಕ್ ಅಮ್ಮ ಅನ್ನುತ್ತಿದ್ದರು. ಇಪ್ಪತ್ತೊಂಬತ್ತು ವರ್ಷ ನಾಲ್ಕು ರಸ್ತೆ ಕೂಡುವಲ್ಲಿ ನಿಂತು, ಒಂದು ಕೈ ಎತ್ತಿ ಲಾರಿಗಳನ್ನು ನಿಲ್ಲಿಸಿದ ಪೊಲೀಸಮ್ಮ ಆಕೆ. ಭುಜ ಹಿಡಿದುಕೊಂಡಾಗ ಇದೇ ಆಸ್ಪತ್ರೆಗೆ ಬಂದು ತೈ ಚಿ ಕಲಿತು, ನಿವೃತ್ತಿಯಾದ ಮೇಲೆ ಕಲಿಸಲು ನಿಂತಿದ್ದಳು. ಮಾತಿನಿಂದ ಮಾತ್ರ ರಸ್ತೆ ಹೋಗಿರಲಿಲ್ಲ.

"ಎರಡು ಕಾಲಲ್ಲಿ ಒಂದು ತುಂಬಿದ ಬಿಂದಿಗೆ, ಒಂದು ಖಾಲಿ ಬಿಂದಿಗೆ. ಭಾರಾನ ಒಂದರಿಂದ ಇನ್ನೊಂದಕ್ಕೆ ಸುರೀಬೇಕು, ಚೆಲ್ಲಬಾರದು. ಮೊಣಕಾಲು ಕಾಲ್ಬೆರಳು ದಾಟಿ ಮುಂದೆ ಹೋಗಬಾರದು, ಅದು ಸ್ಟಾಪ್ ಲೈನು. ತಿರುಗುವಾಗ ಸೊಂಟ ತಿರುಗಲಿ, ಮೊಣಕಾಲು ತಿರುಚಬೇಡಿ. ಉಸಿರು ಬಿಡಿ. ಹಳದಿ ಲೈಟ್ ಬಿದ್ದಿದೆ ಅಂದ್ಕೊಳ್ಳಿ. ನಿಧಾನ."

ಎಂಟು ಭಂಗಿಗಳು. ಮೋಡದ ಹಾಗೆ ಕೈ ತೇಲಿಸುವುದು, ಕುದುರೆಯ ಕತ್ತಿನ ಕೂದಲು ಸವರುವುದು, ಕೊಕ್ಕರೆಯ ಹಾಗೆ ರೆಕ್ಕೆ ಬಿಚ್ಚುವುದು, ಹೀಗೆ. ಎಲ್ಲಾ ಸೇರಿ ಹತ್ತು ನಿಮಿಷವಾಗಬೇಕು. ಅಕ್ಕ ನೋಡಿದಳು, ಕಲಿತಳು, ಎರಡು ನಿಮಿಷದಲ್ಲಿ ಎಂಟನ್ನೂ ಮಾಡಿ ಮುಗಿಸಿದಳು. ಸುತ್ತ ನೋಡಿದರೆ ಮಿಕ್ಕವರು ಇನ್ನೂ ಮೋಡದಲ್ಲೇ ಇದ್ದರು. ಸುಮ್ಮನೆ ನಿಲ್ಲುವುದು ಅವಳ ಜಾಯಮಾನಕ್ಕೆ ಒಗ್ಗದ್ದು. ಬಾಗಿಲ ಬಳಿ ಚೆಲ್ಲಾಪಿಲ್ಲಿಯಾಗಿದ್ದ ಚಪ್ಪಲಿಗಳನ್ನು ಜೋಡಿ ಮಾಡಿ ಸಾಲಾಗಿಟ್ಟಳು. ಮೂಲೆಯಲ್ಲಿ ಪೊರಕೆ ಕಂಡಿತು. ಎಲೆ ಗುಡಿಸತೊಡಗಿದಳು.

"ಅಲ್ಲಮ್ಮಾ, ಏನ್ ಮಾಡ್ತಿದೀರಿ?"

"ನಂದು ಆಯ್ತು ಮೇಡಂ."

"ಏನಾಯ್ತು?"

"ತೈ ಚಿ."

ಟ್ರಾಫಿಕ್ ಅಮ್ಮ ಸೊಂಟದ ಮೇಲೆ ಕೈಯಿಟ್ಟಳು. "ಇಪ್ಪತ್ತೊಂಬತ್ತು ವರ್ಷದಲ್ಲಿ ಇಂಥ ಓವರ್‌ಸ್ಪೀಡ್ ಕೇಸ್ ನಾನು ಹಿಡಿದಿಲ್ಲ. ಪೊರಕೆ ಕೆಳಗಿಡಿ."

"ನೆಲ ಏರುಪೇರಾಗಿದೆ ಮೇಡಂ, ನಿಧಾನ ಮಾಡಿದ್ರೆ ಜೋಲಿ ಹೊಡೆಯುತ್ತೆ," ಅಂದಳು ಅಕ್ಕ, ಮುಖ ಕೆಂಪಾಗಿಸಿಕೊಂಡು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಅಂದಳು ಜೋಡಿ, ಕೊಕ್ಕರೆಯ ರೆಕ್ಕೆ ಇಳಿಸದೆಯೇ.

ಅಕ್ಕನಿಗೆ ನಿಧಾನ ಹಿಡಿದದ್ದು ಒಂದು ತಪ್ಪಿನಿಂದ. ನಾಲ್ಕನೇ ದಿನವೋ ಐದನೇ ದಿನವೋ, ಒಬ್ಬರನ್ನೊಬ್ಬರು ನೋಡಿ ತಿದ್ದಿಕೊಳ್ಳಲಿ ಅಂತ ಟ್ರಾಫಿಕ್ ಅಮ್ಮ ಎರಡು ಸಾಲುಗಳನ್ನು ಎದುರುಬದುರು ನಿಲ್ಲಿಸಿದಳು. ಅಕ್ಕನ ಎದುರಿಗೆ ಬಂದವಳು ಜೋಡಿ. "ಕೈ ಎದೆಯ ಮಟ್ಟಕ್ಕೆ. ಒಂದು ಹೆಜ್ಜೆ ಮುಂದೆ. ಇನ್ನೊಂದು." ಮಿಕ್ಕವರೆಲ್ಲ ಎರಡು ಹೆಜ್ಜೆಗೆ ನಿಂತರು. ಇವರಿಬ್ಬರು ನಿಲ್ಲಲಿಲ್ಲ. ನಡೆದು ಬಂದರು, ಬಂದರು, ಜೋಡಿ ತನ್ನ ಎರಡೂ ಕೈಯನ್ನು ಅಕ್ಕನ ಕೈಗೆ ಮುಟ್ಟಿಸಿ ಬಿಟ್ಟಳು, ಅಕ್ಕ ಸರಕ್ಕನೆ ಬಗ್ಗಿ ಗಾಳಿಯಲ್ಲಿ ಜೋತುಬಿದ್ದಿದ್ದ ಮಡಿಕೆಯನ್ನು ಎತ್ತಿಕೊಂಡಳು. ಇಬ್ಬರೂ ಅಲ್ಲೇ ಬೆಪ್ಪಾಗಿ ನಿಂತರು. ಆಮೇಲೆ ಮಾಲಿ, "ಚಾದರ ಎಲ್ಲಮ್ಮಾ?" ಅಂದದ್ದೇ ತಡ, ನಗು ತಗಡಿನ ಮಾಡಿಗೆ ಬಡಿಯಿತು.

ಟ್ರಾಫಿಕ್ ಅಮ್ಮ ನಗಲಿಲ್ಲ. "ಇನ್ನೊಂದ್ಸಲ ಮಾಡಿ, ಹಾಗೇ. ಆದ್ರೆ ಈ ಸಲ ಚಾದರ ಒದ್ದೆ ಅಂತ ತಿಳ್ಕೊಳ್ಳಿ. ನೀರು ಸುರೀತಿದೆ, ಭಾರ. ಹಳೇದು ಬೇರೆ. ಎಳೆದ್ರೆ ಹರಿದುಹೋಗುತ್ತೆ."

ಒದ್ದೆ ಚಾದರ ಹೇಗಿರುತ್ತದೆ ಅಂತ ಅಕ್ಕನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವಳ ಕೈ ತಾನಾಗಿ ತಗ್ಗಿತು, ಭುಜ ಇಳಿಯಿತು, ಹೆಜ್ಜೆ ನೆಲವನ್ನು ವಿಚಾರಿಸಿಕೊಂಡು ಮುಂದೆ ಹೋಯಿತು. ಗಾಳಿಗೆ ತೂಕ ಬಂದಿತ್ತು. ಜೋಡಿಯ ಕೈಯಿಂದ ಇಲ್ಲದ ಮೂಲೆಗಳನ್ನು ತೆಗೆದುಕೊಳ್ಳಲು ಅರ್ಧ ನಿಮಿಷ ಹಿಡಿಯಿತು.

"ಬಗ್ಗಬೇಡಿ. ಕುರ್ಚಿ ಇದೆ ಅನ್ನೋ ಹಾಗೆ ಸೊಂಟ ಇಳಿಸಿ. ಸಾಕು. ನೋಡಿದ್ರಾ? ನಿಧಾನವೇ ಪ್ರಧಾನ ಅಂತ ರಸ್ತೆ ತುಂಬಾ ಬೋರ್ಡ್ ಹಾಕಿಸಿದ್ದು ಸುಮ್ನೇನಾ?"

ಆವತ್ತಿನಿಂದ ಅಕ್ಕ ಒದ್ದೆ ಚಾದರ ಬಿಡಲಿಲ್ಲ. ಭಂಗಿಗಳು ಹದಕ್ಕೆ ಬಂದವು, ಟ್ರಾಫಿಕ್ ಅಮ್ಮನೇ ಮೆಚ್ಚಿ ಅವಳನ್ನು ಮುಂದಿನ ಸಾಲಿಗೆ ತಂದಳು. ಆದರೆ ಮೂರು ವಾರವಾದರೂ ಮೊಣಕಾಲು ಮಾತ್ರ ಬಗ್ಗಲಿಲ್ಲ, ಇನ್ನೂ ಹೆಚ್ಚು ಊದಿತು. ಜೊತೆಗೆ ಬಂದಿದ್ದ ನರ್ಸಿನ ಸೊಂಟ ಸಡಿಲವಾಗಿತ್ತು, ಮಾಲಿ ಕೋಲು ಬಿಟ್ಟು ನಡೆಯುತ್ತಿದ್ದ. ಅಕ್ಕನೊಬ್ಬಳೇ ಮತ್ತೆ ರಿವರ್ಸ್ ಗೇರಿಗೆ ಬಂದಿದ್ದಳು.

ಟ್ರಾಫಿಕ್ ಅಮ್ಮ ಅವಳನ್ನು ಬೆಂಚಿನ ಮೇಲೆ ಕೂರಿಸಿ, ಊದಿದ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಒತ್ತಿ ನೋಡಿದಳು. "ನೀವು ಇಲ್ಲಿ ಮಾಡೋದ್ರಲ್ಲಿ ತಪ್ಪಿಲ್ಲ. ಇಲ್ಲಿಗೆ ಬರೋ ಮೊದಲು ಏನ್ ಮಾಡಿ ಬರ್ತೀರಿ?"

"ಏನೂ ಇಲ್ಲ ಮೇಡಂ, ಸಣ್ಣಪುಟ್ಟ ಮನೆ ಕೆಲಸ."

"ಹೇಳಿ. ಇವತ್ತು ಬೆಳಿಗ್ಗೆಯಿಂದ."

ಅಕ್ಕ ಹೇಳತೊಡಗಿದಳು. ಮೊದಲು ಐದಕ್ಕೆ ಏಳುತ್ತಿದ್ದವಳು ಈಗ ಮೂರೂಮುಕ್ಕಾಲಿಗೆ ಏಳುವುದು. ನೀರು ಕಾಯಿಸುವುದು. ಅತ್ತೆಯನ್ನು ಎತ್ತಿ ಕೂರಿಸಿ, ತೊಳೆಸಿ, ಬಟ್ಟೆ ಬದಲಿಸಿ, ಅವರ ಗಂಜಿ ಇಡುವುದು. ಹಾಸಿಗೆಯ ಬಟ್ಟೆ ನೆನೆಸುವುದು. ಕೂತು ನೆಲ ಒರೆಸುವುದು. ಇಬ್ಬರ ಊಟದ ಡಬ್ಬಿಗೆ ಅಡುಗೆ ಮಾಡುವುದು. ಗಂಡನ ಚಹಾ ಫ್ಲಾಸ್ಕಿಗೆ ಹಾಕಿ, ಲೋಟ ಪಕ್ಕದಲ್ಲಿಟ್ಟು, ಸಕ್ಕರೆ ಡಬ್ಬವನ್ನು ಲೋಟದ ಪಕ್ಕದಲ್ಲಿಟ್ಟು, ಚಮಚವನ್ನು ಡಬ್ಬದ ಮೇಲಿಟ್ಟು ಬರುವುದು.

"ಚಮಚಾನೂ?" ಅಂದಳು ನರ್ಸು.

"ಇಲ್ದಿದ್ರೆ ಅವರಿಗೆ ಸಿಗಲ್ಲ," ಅಂದಳು ಅಕ್ಕ.

ಯಾರೂ ನಗಲಿಲ್ಲ. ಶೆಡ್ಡಿನಲ್ಲಿದ್ದ ಹೆಂಗಸರೆಲ್ಲ ಒಂದು ಗಳಿಗೆ ತಂತಮ್ಮ ಮನೆಯ ಚಮಚ ಎಲ್ಲಿದೆ ಅಂತ ನೆನೆಸಿಕೊಂಡ ಹಾಗಿತ್ತು.

"ಹಾಗಾದ್ರೆ ಈ ಒಂದು ಗಂಟೇನ ನಿಮಗೆ ಮನೆಯವರು ಯಾರೂ ಕೊಟ್ಟಿಲ್ಲ," ಅಂದಳು ಟ್ರಾಫಿಕ್ ಅಮ್ಮ. "ನಿಮ್ಮ ನಿದ್ದೇಲಿ ಕತ್ತರಿಸಿ ತಂದಿದೀರಿ. ನೀವು ಇಲ್ಲಿಗೆ ಕಾಲು ತರ್ತಿಲ್ಲಮ್ಮಾ, ದುಡಿದು ಉಳಿದಿದ್ದನ್ನ ತರ್ತಿದೀರಿ. ನಾಳೆಯಿಂದ ಎದ್ದು, ಮುಖ ತೊಳೆದು, ಏನೂ ಮಾಡದೆ ಬನ್ನಿ. ಹಾಗೆ ಬರೋಕಾಗಲ್ಲ ಅಂದ್ರೆ ಬರಲೇಬೇಡಿ. ಕಾಲು ಪೂರ್ತಿ ಹಾಳಾದ್ರೆ ನನ್ನ ತಲೆ ಮೇಲೆ ಬೇಡ."

ಏನೂ ಮಾಡದೆ! ಎಂಟು ಭಂಗಿಗಿಂತ ಕಷ್ಟದ್ದು ಈ ಒಂಬತ್ತನೆಯದು.

ಅಕ್ಕ ವಿಷಯವನ್ನು ಗಂಡನ ಮುಂದೆ ಇಟ್ಟಳು. ಅವನು ಸಿಟ್ಟಾಗಲಿಲ್ಲ. ಅವನದು ಸಿಟ್ಟಿನ ದಾರಿಯಲ್ಲ, ಉಪಾಯದ ದಾರಿ. "ಅಷ್ಟು ದೂರ ಯಾಕೆ ಹೋಗ್ತೀಯ? ಇಲ್ಲೇ ಮಾಡು. ಹಾಲ್‌ನಲ್ಲಿ ಜಾಗ ಇದೆ, ಫ್ಯಾನಿದೆ. ನಾನೇನು ಬೇಡ ಅಂತೀನಾ?"

ಭಾನುವಾರ ಬೆಳಿಗ್ಗೆ ಅಕ್ಕ ಹಾಲ್‌ನಲ್ಲಿ ನಿಂತಳು. ಮೋಡ ತೇಲಿಸುವಷ್ಟರಲ್ಲಿ, "ಟವೆಲ್ ಎಲ್ಲಿಟ್ಟೆ?" ಕುದುರೆಯ ಕತ್ತು ಸವರುವಷ್ಟರಲ್ಲಿ, "ಹಾಲಿನವನು ಬಂದ್ನಾ?" ಆಮೇಲೆ ಬಾಚಣಿಗೆ, ಆಮೇಲೆ ಹಲ್ಲುಪುಡಿ. ಕೊಕ್ಕರೆ ರೆಕ್ಕೆ ಬಿಚ್ಚಿ ಒಂಟಿ ಕಾಲಲ್ಲಿ ನಿಂತಾಗ ಒಲೆಯ ಮೇಲೆ ಏನಾದರೂ ಇದೆಯೇ ಅನ್ನುವ ಪ್ರಶ್ನೆ ಬಂತು. ಕೊನೆಗೆ ಅಕ್ಕ, "ರೀ, ಹತ್ತು ನಿಮಿಷ ಸುಮ್ನಿರ್ತೀರಾ?" ಅಂದಳು.

"ಅಯ್ಯೋ, ಸುಮ್ನೆ ನಿಂತಿದೀಯಲ್ಲ, ಅದಕ್ಕೇ ಕೇಳಿದೆ," ಅಂದ ಗಂಡ, ನಿಜವಾಗಿಯೂ ನೊಂದುಕೊಂಡು.

ಕಿಟಕಿಯ ಬಳಿಯಿಂದ ಅತ್ತೆಯ ಧ್ವನಿ ಬಂತು. "ಹನ್ನೊಂದು ಪ್ರಶ್ನೆ. ನಾನು ಎಣಿಸ್ತಾ ಇದ್ದೆ."

ಸೋಮವಾರ ಅಕ್ಕ ಗಟ್ಟಿ ಮನಸ್ಸು ಮಾಡಿದಳು. ಐದೂವರೆಗೆ ಎದ್ದಳು, ಮುಖ ತೊಳೆದಳು, ತಣ್ಣಗಿನ ಒಲೆಯ ಕಡೆ ನೋಡದೆ ಬಾಗಿಲು ಎಳೆದುಕೊಂಡು ಮೆಟ್ಟಿಲಿಳಿದಳು. ಹದಿನಾಲ್ಕು ಮೆಟ್ಟಿಲು ಇಳಿದಿರಬಹುದು. ಬೆನ್ನ ಹಿಂದೆ ಆ ಒಲೆ ಅಳುವ ಕೂಸಿನ ಹಾಗೆ ಕರೆಯುತ್ತಿತ್ತು. ವಾಪಸ್ಸು ಹತ್ತಿದಳು, ಗಂಜಿ ಇಟ್ಟಳು, ಚಹಾ ಮಾಡಿದಳು, ಚಮಚವನ್ನೂ ಇಟ್ಟಳು. ಆರೂಕಾಲಾಯಿತು. ಶೆಡ್ಡಿಗೆ ಹೋಗಲಿಲ್ಲ. ಅತ್ತೆ ಮಂಚದಿಂದಲೇ ಎಲ್ಲವನ್ನೂ ನೋಡುತ್ತಿದ್ದರು.

ಮಂಗಳವಾರ ಅಕ್ಕ ಹೊರಡುವ ಯೋಚನೆಯನ್ನೇ ಬಿಟ್ಟು ನೇರ ಅಡುಗೆಮನೆಗೆ ಹೋದಳು. ಗ್ಯಾಸ್ ಲೈಟರ್ ಇರಲಿಲ್ಲ. ಕಡ್ಡಿಪೆಟ್ಟಿಗೆಯೂ ಇರಲಿಲ್ಲ. ಹುಡುಕಿ ಹುಡುಕಿ ಹೊರಗೆ ಬಂದರೆ ಅತ್ತೆ ಮಂಚದ ಮೇಲೆ ಕೂತು ಕಿಟಕಿಯಾಚೆ ನೋಡುತ್ತಿದ್ದರು. ಹೊದಿಕೆಯ ಕೆಳಗೆ ಏನೋ ಉದ್ದಗೆ ಉಬ್ಬಿಕೊಂಡಿತ್ತು. ಕರೆಂಟ್ ಹೋದರೆ ಬೇಕು ಅಂತ ಹಿಂದಿನ ರಾತ್ರಿ ಅವರು ಎರಡನ್ನೂ ತರಿಸಿಕೊಂಡದ್ದು ಅಕ್ಕನಿಗೆ ಆಗ ನೆನಪಾಯಿತು.

"ಅತ್ತೆ, ಲೈಟರ್ ಕೊಡಿ."

"ಯಾವ ಲೈಟರು? ನಾನು ಮುದುಕಿ, ನಂಗೇನು ಗೊತ್ತು?"

"ನಿಮ್ಮ ಗಂಜಿ ತಡವಾಗುತ್ತೆ."

"ಒಂದು ದಿನ ಗಂಜಿ ತಡವಾದ್ರೆ ನಾನು ಸಾಯಲ್ಲ. ಸತ್ರೂ ನಷ್ಟ ಇಲ್ಲ, ಎಂಬತ್ನಾಲ್ಕಾಯ್ತು. ಬಾ ಇಲ್ಲಿ, ಕೂತ್ಕೋ."

ಅಕ್ಕ ಮಂಚದ ಅಂಚಿನಲ್ಲಿ ಕೂತಳು. ಅತ್ತೆ ಅವಳ ಊದಿದ ಮೊಣಕಾಲಿನ ಮೇಲೆ ಒಣಗಿದ ಅಂಗೈ ಇಟ್ಟರು.

"ನಂಗೆ ನಿನ್ನಷ್ಟೇ ವಯಸ್ಸಿದ್ದಾಗ ಕಾಲು ಹೋಯ್ತು. ತಾಳಿದವನು ಬಾಳಿಯಾನು ಅಂತಾರಲ್ಲ, ನಾನೂ ತಾಳಿದ್ದೇ ತಾಳಿದ್ದು. ಮನೆಕೆಲಸ ನಿಲ್ಲಲಿಲ್ಲ, ಯಾಕೆ? ನೀನು ಬಂದಿದ್ದೆ. ನನ್ನ ಕಾಲು ಹೋದ ಜಾಗಕ್ಕೆ ನಿನ್ನ ಕಾಲು ಸಿಕ್ತು. ನಿನ್ನ ಕಾಲು ಹೋದ್ರೆ ಯಾರ ಕಾಲು ತರ್ತೀಯ ಹುಡುಗೀ?"

ಅಕ್ಕ ಹೊದಿಕೆಯ ಉಬ್ಬಿನ ಕಡೆ ನೋಡಿದಳು.

"ಅವನನ್ನ ಹಾಗೆ ಬೆಳೆಸಿದ್ದು ನಾನೇ," ಅಂದರು ಅತ್ತೆ. "ಹೆತ್ತವರಿಗೆ ಹೆಗ್ಗಣ ಮುದ್ದು. ನೆಕ್ಕಿದ ತಟ್ಟೇನೂ ಎತ್ತಿಸಲಿಲ್ಲ. ಮಾಡಿದ ತಪ್ಪು ಸರಿ ಮಾಡೋಕೆ ಕಾಲು ಬೇಡ, ಬಾಯಿ ಸಾಕು. ನೀನು ಹೊರಡು. ಆರಕ್ಕೆ ಇನ್ನು ಕಾಲು ಗಂಟೆ ಇದೆ."

ಆವತ್ತು ಅಕ್ಕ ಮೂವತ್ತೆಂಟು ಮೆಟ್ಟಿಲನ್ನೂ ಇಳಿದಳು. ಕೈ ತೇಲಿಸುವಾಗೆಲ್ಲ ಮನೆಯಲ್ಲಿ ಏನಾಗುತ್ತಿದೆಯೋ ಅನ್ನುವುದೇ ಯೋಚನೆ. "ನಿಮ್ಮ ಮುಖ ಮನೆ ಕಡೆ ಇದೆ," ಅಂತ ಟ್ರಾಫಿಕ್ ಅಮ್ಮ ಎರಡು ಸಲ ಗದ್ದ ಹಿಡಿದು ತಿರುಗಿಸಿದಳು.

ಏಳು ಹತ್ತಕ್ಕೆ ವಾಪಸ್ಸು ಬಂದರೆ ಮೊದಲ ಮಹಡಿಯಲ್ಲೇ ಸೀದ ವಾಸನೆ. ಒಳಗೆ ಗಂಡ, ಅಂಗಿಯ ತೋಳು ಮಡಿಸಿಕೊಂಡು, ಹುಬ್ಬಿಗೆಲ್ಲ ಹಿಟ್ಟು ಮೆತ್ತಿಕೊಂಡು ನಿಂತಿದ್ದ. ಗಂಜಿಯ ಪಾತ್ರೆ ಇದ್ದಲಿನ ಹಾಗೆ ಕಪ್ಪಗಾಗಿ ಸಿಂಕಿನಲ್ಲಿತ್ತು. ಅತ್ತೆ ಮಾತ್ರ ಮುಖ ತೊಳೆದು, ತಲೆ ಬಾಚಿಕೊಂಡು, ಬಟ್ಟಲಿನಲ್ಲಿದ್ದ ಗಂಟುಗಂಟಾದ ಗಂಜಿಯನ್ನು ಚಪ್ಪರಿಸಿ ಕುಡಿಯುತ್ತಿದ್ದರು.

"ಹೆತ್ತವಳ ಮುಖ ತೊಳೆಸೋಕೆ ಅರವತ್ತು ವರ್ಷ ತಗೊಂಡ," ಅಂದರು. "ಕಿವಿ ಹಿಂದೆ ಉಜ್ಜಲಿಲ್ಲ. ಪರವಾಗಿಲ್ಲ, ನಾಳೆ ಉಜ್ತಾನೆ."

"ನಾಳೆಯಾ?" ಅಂದ ಗಂಡ.

ಅಕ್ಕನ ಕೈ ತಾನಾಗಿ ಆ ಕರಿ ಪಾತ್ರೆಯ ಕಡೆ ಹೋಯಿತು. "ಕೈ ಹಚ್ಚಬೇಡ!" ಅಂತ ಅತ್ತೆ ಗುಡುಗಿದರು. ಅಕ್ಕ ಬೆಂಕಿ ಮುಟ್ಟಿದವಳ ಹಾಗೆ ಕೈ ಹಿಂದಕ್ಕೆಳೆದುಕೊಂಡಳು.

ಎರಡು ದಿನ ಆ ಪಾತ್ರೆ ಸಿಂಕಿನಲ್ಲಿ ಕೂತಿತ್ತು. ಗಂಡ ಅವಳೊಂದಿಗೆ ಮಾತು ಬಿಟ್ಟ. ಇದ್ದ ಮಾತೆಲ್ಲ ತಾಯಿಯ ಮೂಲಕ. "ಅಮ್ಮಾ, ಉಪ್ಪೆಲ್ಲಿದೆ ಅಂತ ಅವಳನ್ನ ಕೇಳು." "ಮೂಗಿನ ಮುಂದಿದೆ ಅಂತ ಹೇಳಿ ಅತ್ತೆ." ಮೂರು ಮಾರು ದೂರದಲ್ಲಿ ನಿಂತ ಇಬ್ಬರ ನಡುವೆ ಅತ್ತೆ ಅಂಚೆ ಹಂಚಿದರು. ಅಕ್ಕ ಸಿಂಕಿನ ಮುಂದೆ ಹೋಗುವಾಗೆಲ್ಲ ಅಪಘಾತವಾದ ಜಾಗ ದಾಟುವವಳ ಹಾಗೆ ಮುಖ ತಿರುಗಿಸಿಕೊಂಡು ಹೋದಳು. ಬೆರಳು ತುರಿಸುತ್ತಿದ್ದವು. ಆದರೆ ಬೆಳಿಗ್ಗೆ ಐದೂಮುಕ್ಕಾಲಿಗೆ ಮನೆ ಬಿಡುವುದನ್ನು ಬಿಡಲಿಲ್ಲ.

ಮೂರನೇ ದಿನ ಬಂದಾಗ ಪಾತ್ರೆ ಸಿಂಕಿನಲ್ಲಿರಲಿಲ್ಲ. ಮೇಜಿನ ಮೇಲೆ ಬೋರಲಾಗಿ ಥಳಥಳ ಹೊಳೆಯುತ್ತಿತ್ತು. ಗಂಡ ಅಂಗಡಿಯಿಂದ ಗಾಜು ಉಜ್ಜುವ ನುಣುಪು ಪುಡಿಯನ್ನೂ ಉಣ್ಣೆಯ ಬಟ್ಟೆಯನ್ನೂ ತಂದಿದ್ದ. ಸುತ್ತು ಸುತ್ತಾಗಿ, ತನಗೆ ಗೊತ್ತಿದ್ದ ರೀತಿಯಲ್ಲೇ, ಬಹುಶಃ ಒಂದು ಗಂಟೆ ಉಜ್ಜಿದ್ದ.

"ನೋಡು," ಅಂದ, ಮಾತು ಬಿಟ್ಟಿದ್ದನ್ನು ಮರೆತು. "ಮುಖ ಕಾಣುತ್ತೆ."

ಅಕ್ಕ ಬಗ್ಗಿ ನೋಡಿದಳು. ನಿಜವಾಗಿಯೂ ಕಂಡಿತು. ಸ್ವಲ್ಪ ಅಗಲವಾಗಿತ್ತು, ಆದರೆ ನಗುತ್ತಿತ್ತು. "ಇಷ್ಟು ವರ್ಷ ಈ ಕೈ ಎಲ್ಲಿ ಇಟ್ಟಿದ್ರಿ?" ಅಂದಳು.

"ಯಾರೂ ಕೇಳಿರಲಿಲ್ಲವಲ್ಲ."

"ಕೇಳಬೇಕಿತ್ತಾ?" ಅಂದರು ಅತ್ತೆ, ಕಿಟಕಿಯ ಕಡೆಯಿಂದ.

ಆಮೇಲಿನದು ಪವಾಡವೇನಲ್ಲ. ಗಂಜಿ ಮತ್ತೆ ಎರಡು ಸಲ ಸೀದಿತು. ನೆಲ ಒರೆಸಲು ಉದ್ದ ಹಿಡಿಯ ಮಾಪ್ ಬಂತು, ಏಕೆಂದರೆ ಕೂತು ಒರೆಸಿದರೆ ಗಂಡನ ಮೊಣಕಾಲು ನೋಯುತ್ತಿತ್ತಂತೆ. ಅಕ್ಕ ಇಷ್ಟು ವರ್ಷ ಕೂತು ಒರೆಸುವಾಗ ಅಂಗಡಿಗಳಲ್ಲಿ ಮಾಪ್ ಸಿಗುತ್ತಿರಲಿಲ್ಲವೇನೋ. ಅವಳು ಅದನ್ನು ಮನೆಯಲ್ಲಿ ಬಾಯಿ ಬಿಟ್ಟು ಹೇಳಲಿಲ್ಲ, ಜೋಡಿಗೆ ಮಾತ್ರ ಹೇಳಿದಳು. ಜೋಡಿ ಇಡೀ ಲಾಂಡ್ರಿಗೆ ಹೇಳಿದಳು. ಅಲ್ಲಿಯೂ ಒಂದು ಬದಲಾವಣೆಯಾಗಿತ್ತು. ಬಗ್ಗುವ ಸರದಿ ಈಗ ಒಂದು ಚಾದರಕ್ಕೆ ಒಬ್ಬರದು. "ಆಕಾಶದಿಂದ ಇಳಿದು ಬರೋಕೆ ಹೊತ್ತಾಗುತ್ತೆ, ತಡ್ಕೋ," ಅನ್ನುತ್ತಾ ಜೋಡಿ ಸೊಂಟ ಇಳಿಸುತ್ತಿದ್ದಳು. ಒಂದೂವರೆ ಗಾಡಿ ಒಂದೂಕಾಲಕ್ಕೆ ಬಂತು. ಆಸ್ಪತ್ರೆ ಮುಚ್ಚಲಿಲ್ಲ.

ಮೂರು ತಿಂಗಳಾದ ಮೇಲೆ ಡಾಕ್ಟರು ಮೊಣಕಾಲು ಮಡಿಸಿ ಬಿಡಿಸಿ ನೋಡಿದರು. "ಸವೆದದ್ದು ತುಂಬಿ ಬರಲ್ಲ. ಆದ್ರೆ ಊತ ಇಳಿದಿದೆ, ತೊಡೆಗೆ ಬಲ ಬಂದಿದೆ. ಆಪರೇಷನ್ ಮಾತು ಸದ್ಯಕ್ಕೆ ಬೇಡ. ಇದನ್ನ ಮಾತ್ರ ಬಿಡಬೇಡಿ." ಚಳಿಯ ಬೆಳಿಗ್ಗೆ ಈಗಲೂ ಕಾಲು ಬಿಗಿಯುತ್ತದೆ. ಆದರೆ ಅಕ್ಕ ಮೂವತ್ತೆಂಟು ಮೆಟ್ಟಿಲನ್ನು ಮುಂದೆ ನೋಡಿಕೊಂಡೇ ಇಳಿಯುತ್ತಾಳೆ. ಕೆಳಮನೆಯವರಿಗೆ ತಮಾಷೆ ಮಾಡಲು ಏನೂ ಉಳಿದಿಲ್ಲ.

ಅದೇ ವಾರದ ಭಾನುವಾರ. ಮನೆಯ ಮೇಲಿನ ತಾರಸಿಯಲ್ಲಿ ಚಾದರ ಒಣಗಿತ್ತು. ಗಂಡ ನೀರಿನ ಟ್ಯಾಂಕಿನ ನೆರಳಲ್ಲಿ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದ. ಅತ್ತೆ ಕೆಳಗೆ ಕಿಟಕಿಯ ಬಳಿ. ಅಕ್ಕ ಚಾದರವನ್ನು ಹಗ್ಗದಿಂದ ಎಳೆದುಕೊಂಡಳು, ಎರಡು ಮೂಲೆ ಹಿಡಿದಳು, ಗದ್ದ ತನ್ನ ಅಭ್ಯಾಸದಂತೆ ಕೆಳಗೆ ಬಂತು.

ಅರ್ಧಕ್ಕೆ ನಿಲ್ಲಿಸಿದಳು. ಗದ್ದ ಎತ್ತಿದಳು.

ಎರಡು ಮೂಲೆಗಳನ್ನು ಎದೆಯ ಮಟ್ಟಕ್ಕೆ ಹಿಡಿದು, ಮೊಣಕಾಲು ಒಂಚೂರು ಸಡಿಲಿಸಿ, ಭಾರವನ್ನು ಎರಡೂ ಪಾದಕ್ಕೆ ಹಂಚಿ ನಿಂತಳು. ಚಾದರದ ಇನ್ನೊಂದು ತುದಿ ನೆಲದ ಮೇಲೆ ಬಿದ್ದಿತ್ತು. ಮೊದಲಾಗಿದ್ದರೆ ಅರ್ಧ ನಿಮಿಷ ತಡೆಯುತ್ತಿರಲಿಲ್ಲ, ಅಷ್ಟರಲ್ಲಿ ಮೂರು ಚಾದರ ಮಡಿಸಿ ಮುಗಿಸಿರುತ್ತಿದ್ದಳು. ಈಗ ಅವಸರವಿರಲಿಲ್ಲ. ಉಸಿರು ಬಂತು, ಹೋಯಿತು. ಪಕ್ಕದ ತಾರಸಿಯ ಮೇಲೆ ಒಂದು ಬೆಕ್ಕು ಬಂದು ಮಲಗಿತು.

ಗಂಡ ಪೇಪರಿನ ಮೇಲಿಂದ ನೋಡಿದ. "ಏನು, ನಿಂತುಬಿಟ್ಟೆ?"

"ಏನಿಲ್ಲ."

ಅವನು ಇನ್ನೊಂದು ಸುದ್ದಿ ಓದಿದ. ಮತ್ತೆ ನೋಡಿದ. ಅಕ್ಕ ಹಾಗೆಯೇ ನಿಂತಿದ್ದಳು. ಅವನ ಕಣ್ಣು ಅವಳ ಕೈಯಿಂದ ಚಾದರದ ಉದ್ದಕ್ಕೂ ಹರಿದು, ನೆಲದ ಮೇಲೆ ಬಿದ್ದಿದ್ದ ಎರಡು ಮೂಲೆಗಳ ಹತ್ತಿರ ಬಂದು ನಿಂತಿತು. ಗಾಜಿನ ಮೇಲಿನ ಗೀರನ್ನು ಪತ್ತೆ ಮಾಡುವಾಗ ನೋಡುತ್ತಾನಲ್ಲ, ಹಾಗೆ. ಪೇಪರ್ ಮಡಿಸಿ ಕುರ್ಚಿಯ ಮೇಲಿಟ್ಟ, ಎದ್ದು ಬಂದ, ಬಗ್ಗಿ ಆ ಎರಡು ಮೂಲೆಗಳನ್ನು ಎತ್ತಿಕೊಂಡ.

"ಈಗ?"

"ಹಿಂದೆ ಹೋಗಿ. ಕೊಡವಿ. ಹಾಂ. ಈಗ ನನ್ನ ಕಡೆ ಬನ್ನಿ."

ಅವನು ದಡಬಡ ಬಂದ.

"ನಿಧಾನ. ಹಳದಿ ಲೈಟು."

ಮಡಿಸಿ ಮುಗಿದಾಗ ಚಾದರದ ಒಂದು ಅಂಚು ನಾಲಿಗೆ ಚಾಚಿದ ಹಾಗೆ ಹೊರಗೆ ಬಂದಿತ್ತು. ಲಾಂಡ್ರಿಯಲ್ಲಿ ಇಂಥದ್ದನ್ನು ಕೊಟ್ಟರೆ ಜೋಡಿ ಮುಖದ ಮೇಲೆ ಎಸೆಯುತ್ತಿದ್ದಳು. ಅಕ್ಕ ಅದನ್ನು ತೆಗೆದುಕೊಂಡು ಮೆಟ್ಟಿಲಿಳಿದು, ಬಿಚ್ಚಿ ಮತ್ತೆ ಮಡಿಸದೆ, ಹಾಗೆಯೇ ಕಪಾಟಿನಲ್ಲಿಟ್ಟಳು.